ಹಾಲು ಬರುವ ತನಕದ ಅಕ್ಕಿ

ನಿಮ್ಮಲ್ಲಿ ಐವತ್ತು ದಾಟಿದವರಿಗೆ, ಅದರಲ್ಲೂ ಹಳ್ಳಿಯಲ್ಲಿ ಬೆಳೆದವರಿಗೆ, ಐ.ಆರ್.ಡಿ.ಪಿ. ಎಮ್ಮೆ ನೆನಪಿರಬಹುದು. ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮ ಎಂಬ ಅದರ ಪೂರ್ತಿ ಹೆಸರು ಊರಿನ ಯಾರ ಬಾಯಿಗೂ ಹತ್ತಲಿಲ್ಲ. 1978ರಲ್ಲಿ ಶುರುವಾಗಿ 1980ರ ಗಾಂಧಿ ಜಯಂತಿಯಿಂದ ದೇಶದ ಎಲ್ಲ ಬ್ಲಾಕುಗಳಿಗೂ ಬಂದ ಯೋಜನೆ ಅದು. ಬಡವರಿಗೆ ಎಮ್ಮೆ, ಹಸು, ಕುರಿ, ಹೊಲಿಗೆ ಯಂತ್ರ, ಎತ್ತಿನ ಗಾಡಿ, ಹೀಗೆ ದುಡಿಮೆಗೊಂದು ದಾರಿ ಮಾಡಿಕೊಡುವುದು ಅದರ ಉದ್ದೇಶ. ಬೆಲೆಯ ಕಾಲು ಭಾಗದಿಂದ ಅರ್ಧದವರೆಗೆ ಸರ್ಕಾರದ ಸಹಾಯಧನ, ಉಳಿದದ್ದು ಬ್ಯಾಂಕಿನ ಸಾಲ. ಸಾಲಮೇಳಗಳ ಕಾಲವೂ ಅದೇ. ಶಾಮಿಯಾನ, ಹಾರ, ಭಾಷಣ, ಕೊನೆಗೆ ಫಲಾನುಭವಿಯ ಕೈಗೆ ಮೂಗುದಾರ.

ಆ ಎಮ್ಮೆಗಳು ಎಲ್ಲಿ ಹೋದವು? ಕೆಲವು ಮನೆಗಳಲ್ಲಿ ಉಳಿದವು, ಕರು ಹಾಕಿದವು, ಮನೆಯನ್ನು ಎತ್ತಿಯೂ ನಿಲ್ಲಿಸಿದವು. ಬಹಳಷ್ಟು ಎಮ್ಮೆಗಳು ಮಾತ್ರ ಹತ್ತಿರದ ಸಂತೆಗೆ ಹೋದವು. ಒಂದೇ ಎಮ್ಮೆ ನಾಲ್ಕು ಜನ ಫಲಾನುಭವಿಗಳ ಜೊತೆ ನಿಂತು ಫೋಟೊ ತೆಗೆಸಿಕೊಂಡಿತು ಎಂಬ ಕುಹಕವೂ ಹಳ್ಳಿಕಟ್ಟೆಗಳಲ್ಲಿತ್ತು. ಪೇಟೆಯಲ್ಲಿ ಕೂತವರು ಇದಕ್ಕೆ ತೀರ್ಪನ್ನೂ ಕೊಟ್ಟುಬಿಟ್ಟರು: ನೋಡಿ, ಬಡವರಿಗೆ ಎಷ್ಟು ಕೊಟ್ಟರೂ ಅಷ್ಟೇ, ಮಾರಿ ತಿಂದುಬಿಡುತ್ತಾರೆ. 1999ರಲ್ಲಿ ಆ ಯೋಜನೆ ಬೇರೊಂದರಲ್ಲಿ ವಿಲೀನವಾಯಿತು. ತೀರ್ಪು ಮಾತ್ರ ಇಂದಿಗೂ ಚಲಾವಣೆಯಲ್ಲಿದೆ.

ಮಾರಿ ತಿಂದರು ಎನ್ನುವುದು ನಿಜ. ಆದರೆ ಯಾವಾಗ ಮಾರಿದರು, ಏಕೆ ಮಾರಿದರು ಎಂದು ಕೇಳಿದವರು ಕಡಿಮೆ. ಲೆಕ್ಕ ಹಾಕಿ ನೋಡಿ. ಕೂಲಿ ಮಾಡುವ ಹೆಂಗಸಿಗೆ ಒಂದು ಗಬ್ಬದ ಎಮ್ಮೆ ಸಿಕ್ಕಿತು ಎನ್ನೋಣ. ಅದು ಈದು ಹಾಲು ಕೊಡಲು ಇನ್ನೂ ಮೂರು ತಿಂಗಳಿದೆ. ಅಷ್ಟರವರೆಗೆ ಅದಕ್ಕೆ ಮೇವು ಬೇಕು, ಹಿಂಡಿ ಬೂಸಾ ಬೇಕು. ಅದನ್ನು ಮೇಯಿಸಲು ಆಕೆ ಮನೆಯಲ್ಲಿ ನಿಂತರೆ ಅಂದಿನ ಕೂಲಿ ಹೋಯಿತು, ಕೂಲಿ ಹೋದರೆ ರಾತ್ರಿಯ ಗಂಜಿಯೂ ಹೋಯಿತು. ಇತ್ತ ಬ್ಯಾಂಕಿನ ಕಂತು ಹಾಲಿಗಾಗಿ ಕಾಯುವುದಿಲ್ಲ. ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಮಾರಬಹುದಾದ ವಸ್ತು ಒಂದೇ, ಅದು ಗೊಂತಿನಲ್ಲಿ ನಿಂತಿದೆ. ಆಕೆ ಮಾರಿದ್ದರಲ್ಲಿ ಸೋಮಾರಿತನ ಎಲ್ಲಿದೆ? ನಾವಾದರೂ ಅದನ್ನೇ ಮಾಡುತ್ತಿದ್ದೆವು. ಎಮ್ಮೆ ಕೊಟ್ಟ ದಿನಕ್ಕೂ ಹಾಲು ಬಂದ ದಿನಕ್ಕೂ ನಡುವೆ ಆಕೆ ಏನು ತಿನ್ನಬೇಕು ಎಂಬ ಪ್ರಶ್ನೆಗೆ ಯೋಜನೆಯ ಕಾಗದದಲ್ಲಿ ಜಾಗವೇ ಇರಲಿಲ್ಲ.

ಆ ಪ್ರಶ್ನೆಯನ್ನು ಕೇಳಿ ಉತ್ತರವನ್ನೂ ಹುಡುಕಿದ ಒಂದು ಸೇವಾಸಂಸ್ಥೆಯ ಕೆಲಸವನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಅದು ನಡೆದದ್ದು ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ. ಅದರ ಬೇರು ಮಾತ್ರ ಗಡಿಯಾಚೆ, ಬಾಂಗ್ಲಾದೇಶದಲ್ಲಿದೆ.

ಫಜ್ಲೆ ಹಸನ್ ಅಬೆದ್ ಎಂಬವರು ಚಿತ್ತಗಾಂಗಿನಲ್ಲಿ ಶೆಲ್ ತೈಲ ಕಂಪನಿಯ ಅಧಿಕಾರಿ. ಲೆಕ್ಕಪತ್ರದ ಮನುಷ್ಯ, ಲಂಡನ್ನಿನಲ್ಲಿ ಓದಿದವರು. 1970ರ ನವೆಂಬರಿನ ಚಂಡಮಾರುತ, ಮರುವರ್ಷದ ವಿಮೋಚನಾ ಯುದ್ಧ, ಇವೆರಡೂ ಅವರ ಬದುಕಿನ ದಿಕ್ಕನ್ನೇ ತಿರುಗಿಸಿದವು. ಲಂಡನ್ನಿನಲ್ಲಿದ್ದ ತಮ್ಮ ಫ್ಲಾಟನ್ನು ಮಾರಿ ಬಂದ ಹಣದಲ್ಲಿ 1972ರಲ್ಲಿ ಸಿಲ್ಹೆಟ್ ಸೀಮೆಯ ಸುಲ್ಲಾ ಎಂಬಲ್ಲಿ, ಯುದ್ಧದಿಂದ ಹಿಂತಿರುಗಿದ ನಿರಾಶ್ರಿತರಿಗೆ ಮನೆ ಕಟ್ಟಿಕೊಡುವ ಕೆಲಸ ಆರಂಭಿಸಿದರು. ಅದೇ ಮುಂದೆ ಬ್ರ್ಯಾಕ್ ಎಂಬ ಹೆಸರಿನಲ್ಲಿ ಜಗತ್ತಿನ ಅತಿ ದೊಡ್ಡ ಸ್ವಯಂಸೇವಾ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ಸಣ್ಣ ಸಾಲ ಕೊಡುವುದು ಅದರ ದೊಡ್ಡ ಕೆಲಸವಾಗಿತ್ತು. ಲಕ್ಷಾಂತರ ಹೆಂಗಸರು ಸಾಲ ಪಡೆದರು, ತೀರಿಸಿದರು. ಆದರೆ ಒಳಗಿನವರಿಗೇ ಒಂದು ಸಂಗತಿ ಚುಚ್ಚುತ್ತಿತ್ತು. ಊರಿನ ಕಟ್ಟಕಡೆಯ ಮನೆಯವರು ಸಾಲದ ಗುಂಪಿಗೆ ಬರುತ್ತಲೇ ಇರಲಿಲ್ಲ. ಬರಲು ಅವರಿಗೇ ಅಂಜಿಕೆ. ಬಂದರೂ ಗುಂಪಿನ ಉಳಿದವರಿಗೆ ಅಂಜಿಕೆ: ಇವಳ ಕಂತನ್ನು ನಾವು ಕಟ್ಟಬೇಕಾದೀತು ಎಂದು. ಇಂಥವರಿಗಾಗಿಯೇ ಬ್ರ್ಯಾಕ್ 2002ರಲ್ಲಿ ಬೇರೆಯದೇ ಒಂದು ಕಾರ್ಯಕ್ರಮ ಶುರುಮಾಡಿತು. ಅದರಲ್ಲಿ ಮೊದಲಿಗೆ ಸಾಲದ ಮಾತೇ ಇರಲಿಲ್ಲ.

ಈ ಬ್ರ್ಯಾಕ್‌ನಲ್ಲಿ ಕೆಲಸ ಕಲಿತು ಭಾರತಕ್ಕೆ ಬಂದವರು ಚಂದ್ರಶೇಖರ್ ಘೋಷ್, ತ್ರಿಪುರಾದವರು. ಅವರು 2001ರಲ್ಲಿ ಬಂಗಾಳದಲ್ಲಿ ಕಟ್ಟಿದ ಸಂಸ್ಥೆ ಬಂಧನ್. ಅದರ ಸಾಲದ ವ್ಯವಹಾರ ಬೆಳೆದು 2015ರಲ್ಲಿ ಬ್ಯಾಂಕೇ ಆಯಿತು, ಆ ಹೆಸರು ನೀವು ಕೇಳಿರುತ್ತೀರಿ. ಸೇವೆಯ ಕೆಲಸಕ್ಕೆಂದು ಉಳಿದ ಅಂಗ ಬಂಧನ್-ಕೊನ್ನಗರ್. ಕೊನ್ನಗರ್ ಎನ್ನುವುದು ಹೂಗ್ಲಿ ಜಿಲ್ಲೆಯ ಒಂದು ಪಟ್ಟಣ. ಮುರ್ಷಿದಾಬಾದಿನ ಕೆಲಸವನ್ನು ಇವರು ಕೈಗೆತ್ತಿಕೊಂಡದ್ದು 2006ರ ಸುಮಾರಿಗೆ. ಫೋರ್ಡ್ ಪ್ರತಿಷ್ಠಾನವೂ ಇಂಥ ಪ್ರಯೋಗಗಳ ಬೆನ್ನಿಗೆ ನಿಂತಿತ್ತು.

ಮುರ್ಷಿದಾಬಾದ್ ಎಂದರೆ ನಮಗೆ ನವಾಬರು, ರೇಷ್ಮೆ, ಪ್ಲಾಸಿ ಕದನದ ನಂತರದ ಲೂಟಿ ನೆನಪಾಗುತ್ತವೆ. ಇವತ್ತಿನ ಜಿಲ್ಲೆಯ ಚಿತ್ರ ಬೇರೆ. ಒಂದು ಕಡೆ ದಡವನ್ನು ಕೊರೆದು ತಿನ್ನುವ ಗಂಗಾ-ಪದ್ಮಾ, ಇನ್ನೊಂದು ಕಡೆ ಬೀಡಿ ಕಟ್ಟಿ ಬೆರಳು ಸವೆಸಿಕೊಂಡ ಹೆಂಗಸರು. ದಕ್ಷಿಣ ಕನ್ನಡದ ಕೇಳುಗರಿಗೆ ಆ ಬೆರಳುಗಳ ಪರಿಚಯ ಹೇಳಬೇಕಿಲ್ಲ. ತುಂಡು ಭೂಮಿಯೂ ಇಲ್ಲದ, ಕೂಲಿ ಸಿಕ್ಕಿದ ದಿನ ಒಲೆ ಹಚ್ಚುವ ಮನೆಗಳು ಅಲ್ಲಿ ಊರೂರಿಗೂ ಇದ್ದವು.

ಅತ್ಯಂತ ಬಡವರು ಯಾರು ಎಂದು ಗುರುತಿಸುವ ಕೆಲಸವೇ ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದ ಭಾಗ. ನಮ್ಮಲ್ಲಿ ಇದಕ್ಕೆ ಪಟ್ಟಿ ಇರುತ್ತದೆ, ಕಾರ್ಡು ಇರುತ್ತದೆ, ಕಾರ್ಡಿಗಾಗಿ ಓಡಾಡುವ ಶಕ್ತಿ ಯಾರಿಗಿದೆಯೋ ಅವರಿಗೆ ಕಾರ್ಡು ಸಿಗುತ್ತದೆ. ಅಲ್ಲಿ ಹಾಗೆ ಮಾಡಲಿಲ್ಲ. ಸಂಸ್ಥೆಯವರು ಊರಿಗೆ ಬಂದು ಒಂದು ಬಯಲಿನಲ್ಲಿ ಜನರನ್ನು ಸೇರಿಸುತ್ತಾರೆ. ಅವರಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸುತ್ತಾರೆ. ಇಲ್ಲಿ ರಸ್ತೆ, ಇಲ್ಲಿ ಕೆರೆ, ಇಲ್ಲಿ ಮಸೀದಿ, ಇದು ಇಂಥವರ ಮನೆ. ಒಂದೊಂದು ಮನೆಗೆ ಒಂದೊಂದು ಚೀಟಿ. ನಂತರ ಆ ಚೀಟಿಗಳನ್ನು ಉಳ್ಳವರಿಂದ ಹಿಡಿದು ಏನೂ ಇಲ್ಲದವರವರೆಗೆ ಗುಡ್ಡೆ ಗುಡ್ಡೆಯಾಗಿ ಊರವರೇ ವಿಂಗಡಿಸಬೇಕು. ಎಲ್ಲರೆದುರು ನಡೆಯುವ ಕೆಲಸ ಇದು, ಹಾಗಾಗಿ ಸುಳ್ಳು ಹೇಳುವುದು ಕಷ್ಟ. ಟ್ರ್ಯಾಕ್ಟರ್ ಇದ್ದವನು ತಾನು ಬಡವ ಎಂದರೆ ಪಕ್ಕದವನು ನಗುತ್ತಾನೆ.

ಆದರೂ ಊರವರ ಮಾತನ್ನೇ ಕೊನೆಯ ಮಾತೆಂದು ಒಪ್ಪುವುದಿಲ್ಲ. ಕಡೆಯ ಗುಡ್ಡೆಯಲ್ಲಿ ಬಿದ್ದ ಮನೆಗಳಿಗೆ ಕಾರ್ಯಕರ್ತರು ಹೋಗಿ ಕಣ್ಣಾರೆ ನೋಡುತ್ತಾರೆ. ಭೂಮಿ ಎಷ್ಟಿದೆ, ಹಸು ಕರು ಇದೆಯೇ, ದುಡಿಯುವ ಗಂಡಸು ಇದ್ದಾನೆಯೇ, ಶಾಲೆಗೆ ಹೋಗಬೇಕಾದ ಮಗು ಕೆಲಸಕ್ಕೆ ಹೋಗುತ್ತಿದೆಯೇ. ಆಮೇಲೆ ಮೇಲಿನ ಅಧಿಕಾರಿಯೊಬ್ಬರು ಮತ್ತೊಮ್ಮೆ ಹೋಗಿ ನೋಡಬೇಕು. ಸಾಲ ಸಿಗುತ್ತಿರುವವರು ಬೇಡ. ಸರ್ಕಾರದ ನೆರವು ಚೆನ್ನಾಗಿ ತಲುಪುತ್ತಿರುವವರೂ ಬೇಡ. ಮನೆಯಲ್ಲಿ ದುಡಿಯಬಲ್ಲ ಒಬ್ಬ ಹೆಂಗಸು ಇರಲೇಬೇಕು. ಈ ಕೊನೆಯ ಷರತ್ತಿನ ಮಾತನ್ನು ಆಮೇಲೆ ಆಡುತ್ತೇನೆ.

ಹೀಗೆ ಆರಿಸಿದ ಹೆಂಗಸಿಗೆ ಏನು ಬೇಕು ಎಂದು ಕೇಳುತ್ತಾರೆ. ಹಸುವೋ, ಎರಡು ಮೂರು ಆಡೋ, ಸೀರೆ ಮಾರಲು ಬಂಡವಾಳವೋ. ಹೆಚ್ಚಿನವರು ಕೇಳಿದ್ದು ಜಾನುವಾರು. ಹಣ ಕೈಗೆ ಕೊಡದೆ ಸಂಸ್ಥೆಯೇ ಕೊಂಡು ತಂದುಕೊಡುತ್ತದೆ. ಇದು ದಾನ, ತೀರಿಸುವ ಮಾತಿಲ್ಲ. ಇಷ್ಟಕ್ಕೇ ನಿಂತಿದ್ದರೆ ಇದೂ ಇನ್ನೊಂದು ಐ.ಆರ್.ಡಿ.ಪಿ. ಆಗುತ್ತಿತ್ತು. ಇದರ ಜೊತೆಗೆ ಪ್ರತಿ ವಾರ ಒಂದು ಸಣ್ಣ ಮೊತ್ತ, ಆಗಿನ ಲೆಕ್ಕದಲ್ಲಿ 90 ರೂಪಾಯಿ, ಕೆಲವು ತಿಂಗಳ ಕಾಲ ಕೊಡುತ್ತಿದ್ದರು. ಆ ತೊಂಬತ್ತು ರೂಪಾಯಿ ಹಸಿವಾದಾಗ ಆಡನ್ನು ಮಾರದಿರಲಿ ಎಂದು ಕೊಟ್ಟದ್ದು. ಹಸು ಕರೆಯಲು ಶುರುವಾಗುವ ತನಕ ಒಲೆಯ ಮೇಲೆ ಅಕ್ಕಿ ಬೇಯುತ್ತಿರಬೇಕು, ಅಷ್ಟೇ ಅದರ ಲೆಕ್ಕ.

ಇನ್ನೊಂದು, ವಾರಕ್ಕೊಮ್ಮೆ ಬರುವ ಕಾರ್ಯಕರ್ತ. ಹದಿನೆಂಟು ತಿಂಗಳು ತಪ್ಪದೆ ಬರುತ್ತಾನೆ. ಆಡಿಗೆ ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕು, ಕೊಟ್ಟಿಗೆ ಹೇಗಿರಬೇಕು, ಲೆಕ್ಕ ಹೇಗೆ ಇಡಬೇಕು, ಕೈ ತೊಳೆಯುವುದು ಏಕೆ, ಸಹಿ ಹಾಕುವುದು ಹೇಗೆ. ವಾರಕ್ಕೆ ಹತ್ತು ರೂಪಾಯಿ ಉಳಿತಾಯವನ್ನೂ ಮಾಡಿಸುತ್ತಾನೆ. ಇದರಲ್ಲಿ ಸ್ವಲ್ಪ ಉಪದೇಶದ ವಾಸನೆ ಇದೆ ಎಂದು ನಿಮಗೆ ಅನ್ನಿಸಿದರೆ ನನಗೂ ಹಾಗೇ ಅನ್ನಿಸಿದೆ. ಬಡವರಿಗೆ ಬದುಕಲು ಕಲಿಸುತ್ತೇವೆ ಎಂದು ಹೊರಡುವವರನ್ನು ಕಂಡರೆ ಒಂದು ಅನುಮಾನ ಇರಬೇಕಾದ್ದೇ. ಆದರೆ ಹಲವು ವರ್ಷಗಳಿಂದ ಯಾರೂ ಹೊಸ್ತಿಲು ತುಳಿಯದ ಮನೆಗೆ ವಾರ ವಾರವೂ ಒಬ್ಬರು ಬಂದು, ನಿನ್ನ ಹಸು ಹೇಗಿದೆ, ನೀನು ಹೇಗಿದ್ದೀಯ ಎಂದು ಕೇಳುವುದು ಉಪದೇಶಕ್ಕಿಂತ ದೊಡ್ಡ ಸಂಗತಿ. ಸಹಾಯ ಪಡೆದ ಹೆಂಗಸರಲ್ಲಿ ಖಿನ್ನತೆ ಕಡಿಮೆಯಾಗಿತ್ತು ಎಂಬುದು ಮುಂದೆ ನಡೆದ ಅಧ್ಯಯನದಲ್ಲೂ ಕಂಡುಬಂತು.

ಎಲ್ಲರೂ ಕೈಚಾಚಿ ಇಸಿದುಕೊಂಡರು ಎಂದುಕೊಳ್ಳಬೇಡಿ. ಆರಿಸಿದವರಲ್ಲಿ ಎಷ್ಟೋ ಮಂದಿ ಬೇಡ ಎಂದರು! ಪುಕ್ಕಟೆ ಹಸು ಯಾರು ಕೊಡುತ್ತಾರೆ, ಇದರಲ್ಲಿ ಏನೋ ಇದೆ. ಕೆಲವು ಊರುಗಳಲ್ಲಿ ಇವರು ಮತಾಂತರ ಮಾಡಲು ಬಂದ ಕ್ರೈಸ್ತರು ಎಂಬ ಗುಲ್ಲೂ ಹಬ್ಬಿತ್ತು. ಇದನ್ನು ಓದಿದಾಗ ನಗು ಬಂದರೂ ಆ ಹೆಂಗಸರ ವಿವೇಕಕ್ಕೆ ತಲೆದೂಗಬೇಕು ಅನ್ನಿಸಿತು. ಜೀವಮಾನದಲ್ಲಿ ಪುಕ್ಕಟೆ ಎಂದು ಬಂದದ್ದೆಲ್ಲ ಬಡ್ಡಿ ಸಮೇತ ವಸೂಲಾದದ್ದನ್ನೇ ಕಂಡವರು ಅವರು.

ಈ ಕೆಲಸವನ್ನು ಅಳೆದು ನೋಡಿದವರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತು ಅವರ ಸಂಗಡಿಗರು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರಲ್ಲಿ ಇವರಿಬ್ಬರೂ ಇದ್ದರು. ಅರ್ಹರೆಂದು ಗುರುತಿಸಿದ ಸುಮಾರು ಸಾವಿರ ಕುಟುಂಬಗಳಲ್ಲಿ ಚೀಟಿ ಎತ್ತಿದಂತೆ ಅರ್ಧಕ್ಕೆ ನೆರವನ್ನು ಮುಂದಿಟ್ಟು, ಉಳಿದರ್ಧವನ್ನು ಹೋಲಿಕೆಗೆ ಇಟ್ಟುಕೊಂಡರು. ಹೀಗೆ ಬಡವರ ಮೇಲೆ ಲಾಟರಿ ಎತ್ತುವುದು ಸರಿಯೇ ಎಂಬ ವಾದ ಇದೆ, ಅದಕ್ಕೆ ಇವತ್ತು ಇಳಿಯುವುದಿಲ್ಲ. ಸಂಸ್ಥೆಯ ಹಣ ಹೇಗಿದ್ದರೂ ಎಲ್ಲರಿಗೂ ಸಾಲುತ್ತಿರಲಿಲ್ಲ ಎಂಬುದಷ್ಟು ನಿಜ. ನೆರವು ನಿಂತು ಬಹಳ ದಿನವಾದ ಮೇಲೆ ಹೋಗಿ ನೋಡಿದರೆ, ಪಡೆದ ಕುಟುಂಬಗಳು ಪಡೆಯದವರಿಗಿಂತ ಶೇಕಡಾ 15ರಷ್ಟು ಹೆಚ್ಚು ಉಣ್ಣುತ್ತಿದ್ದವು, ತಿಂಗಳ ಗಳಿಕೆ ಶೇಕಡಾ 20ರಷ್ಟು ಹೆಚ್ಚಿತ್ತು. ಹೊತ್ತಿನ ಊಟ ಬಿಡುವುದು ಕಡಿಮೆಯಾಗಿತ್ತು.

ಇದರಲ್ಲಿ ಒಂದು ಒಗಟೂ ಇತ್ತು. ಇಷ್ಟು ಹೆಚ್ಚಿನ ಗಳಿಕೆ ಬರೀ ಆ ಹಸುವಿನಿಂದ, ಆ ಆಡಿನಿಂದ ಬಂದದ್ದು ಎನ್ನಲು ಲೆಕ್ಕ ಕೂಡುತ್ತಿರಲಿಲ್ಲ. ಮತ್ತೆಲ್ಲಿಂದ ಬಂತು? ಅವರು ನೆರವು ಪಡೆಯದವರಿಗಿಂತ ಶೇಕಡಾ 28ರಷ್ಟು ಹೆಚ್ಚು ಹೊತ್ತು ದುಡಿಯುತ್ತಿದ್ದರು, ಅದೂ ಬಹುಪಾಲು ಹಸುವಿಗೆ ಸಂಬಂಧವಿಲ್ಲದ ಕೆಲಸಗಳಲ್ಲಿ. ನಾಳಿನ ಊಟದ ಚಿಂತೆ ತುಸು ಹಗುರವಾದ ಮೇಲೆ ಮೈಗೂ ಮನಸ್ಸಿಗೂ ಕಸುವು ಬಂದಿತ್ತು. ಪುಕ್ಕಟೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂದು ಟೀವಿ ಚರ್ಚೆಗಳಲ್ಲಿ ಮೇಜು ಕುಟ್ಟುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಹತ್ತು ವರ್ಷ ಕಳೆದ ಮೇಲೆ ಮತ್ತೆ ಅದೇ ಕುಟುಂಬಗಳನ್ನು ಹುಡುಕಿ ನೋಡಿದರು. ಅಂತರ ಏಳನೆಯ ವರ್ಷದವರೆಗೆ ಬೆಳೆಯುತ್ತಲೇ ಹೋಗಿ, ಹತ್ತನೆಯ ವರ್ಷದಲ್ಲೂ ಉಳಿದಿತ್ತು. ಅಷ್ಟು ಹೊತ್ತಿಗೆ ಬದುಕು ಬರೀ ಹಸುವಿನ ಮೇಲೆ ನಿಂತಿರಲಿಲ್ಲ. ಮನೆಯವರು ದೂರದ ಊರುಗಳಿಗೆ ಹೋಗಿ ದುಡಿದು ಹಣ ಕಳಿಸುತ್ತಿದ್ದರು. ವಲಸೆ ಹೋಗಲೂ ಕೈಯಲ್ಲಿ ನಾಲ್ಕು ಕಾಸು ಬೇಕು ತಾನೆ, ರೈಲಿಗೆ, ಮೊದಲ ತಿಂಗಳ ಊಟಕ್ಕೆ.

2015ರಲ್ಲಿ, ಇದೇ ಮಾದರಿಯನ್ನು ಪ್ರಯೋಗಿಸಿ ನೋಡಿದ ಆರು ದೇಶಗಳ ಫಲಿತಾಂಶ ಒಟ್ಟಿಗೆ ಪ್ರಕಟವಾಯಿತು: ಇಥಿಯೋಪಿಯ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು. ಒಟ್ಟು 10,495 ಜನ. ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಬಂದದ್ದು ನಮ್ಮ ಮುರ್ಷಿದಾಬಾದಿನಲ್ಲಿ, ಹಾಕಿದ ಹಣದ ನಾಲ್ಕು ಪಟ್ಟಿಗೂ ಮಿಕ್ಕಿ. ಹೊಂಡುರಾಸಿನಲ್ಲಿ ಮಾತ್ರ ಲೆಕ್ಕ ನಷ್ಟಕ್ಕೆ ತಿರುಗಿತು. ಅಲ್ಲಿ ಹೆಚ್ಚಿನವರಿಗೆ ಕೋಳಿ ಕೊಟ್ಟಿದ್ದರು, ರೋಗ ಬಂದು ಕೋಳಿಗಳು ಸತ್ತವು.

ಸೋತ ಇನ್ನೊಂದು ಪ್ರಯೋಗ ನಮ್ಮ ಬೀದರ್ ಗಡಿಗೆ ದೂರವಲ್ಲದ ಮೇದಕ್ ಜಿಲ್ಲೆಯಲ್ಲಿ ನಡೆಯಿತು, ಅಂದಿನ ಆಂಧ್ರಪ್ರದೇಶದಲ್ಲಿ. ಅದೇ ಮಾದರಿ, ಬೇರೆ ಸಂಸ್ಥೆ. ಆದರೆ ಆ ವರ್ಷಗಳಲ್ಲಿ ಅಲ್ಲಿ ಹೊಲದ ಕೂಲಿ ಏರುತ್ತಿತ್ತು. ಎಮ್ಮೆ ಸಾಕುತ್ತಾ ಕೂತವರು ಕೂಲಿಯನ್ನು ಕಳೆದುಕೊಂಡರು, ಕೂಲಿಗೆ ಹೋದವರು ಎಮ್ಮೆ ಇಲ್ಲದೆಯೇ ಅಷ್ಟೇ ದುಡಿದರು. ಹಲವರು ಎಮ್ಮೆ ಮಾರಿ ಹಳೆಯ ಸಾಲ ತೀರಿಸಿಕೊಂಡರು. ಕೊನೆಗೆ ಎರಡೂ ಕಡೆ ಲೆಕ್ಕ ಸಮ. ಘಾನಾದಲ್ಲಿ ಇನ್ನೊಂದು ಪರೀಕ್ಷೆಯೂ ಆಯಿತು. ಕೆಲವರಿಗೆ ಉಳಿದದ್ದೇನನ್ನೂ ಕೊಡದೆ ಬರೀ ಆಡು ಕೊಟ್ಟು ನೋಡಿದರು. ನಿಲ್ಲುವಂಥ ಫಲ ಏನೂ ಬರಲಿಲ್ಲ. ನಮ್ಮ ಐ.ಆರ್.ಡಿ.ಪಿ. ಎಮ್ಮೆಯ ಕಥೆಯೇ ಅಲ್ಲಿ ಲೆಕ್ಕದ ಭಾಷೆಯಲ್ಲಿ ಮತ್ತೆ ನಡೆದಂತಾಯಿತು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಸ್ವಸಹಾಯ ಗುಂಪುಗಳ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ, ಅದು ನ್ಯಾಯವಾಗಿಯೇ ಬಂದ ಹೆಸರು. ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಹಳ್ಳಿಗಳಲ್ಲಿ ಕಂಡ ಸಣ್ಣ ಸಣ್ಣ ಉಳಿತಾಯ ಗುಂಪುಗಳಿಂದಲೇ ಈ ಚಳವಳಿಗೆ ದಾರಿಯಾದದ್ದು. ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆ ಇದ್ದ ಜನ ಚಿಕ್ಕ ಗುಂಪುಗಳಾಗಿ ಕೂಡಿಕೊಂಡಿದ್ದರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ಬ್ಯಾಂಕಾದ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಇದಕ್ಕೆ ನೀರೆರೆಯಿತು. 1992ರಲ್ಲಿ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಪ್ರಾಯೋಗಿಕವಾಗಿ ಆರಂಭವಾಯಿತು. ಬಡ್ಡಿ ಸಾಹುಕಾರನ ಹಂಗು ಹರಿದುಕೊಂಡ ಹೆಂಗಸರು ನಮ್ಮ ರಾಜ್ಯದಲ್ಲಿ ಲಕ್ಷಗಟ್ಟಲೆ ಇದ್ದಾರೆ.

ಆದರೆ ಯಾವುದೇ ಊರಿನ ಗುಂಪಿನ ಸಭೆಗೆ ಹೋಗಿ ಯಾರು ಇಲ್ಲ ಎಂದು ಎಣಿಸಿ ನೋಡಿ. ವಾರ ವಾರ ಉಳಿತಾಯ ಕಟ್ಟಲಾಗದವಳು ಇರುವುದಿಲ್ಲ. ಗಂಡ ಬಿಟ್ಟು, ಹೊಲವೂ ಇಲ್ಲದೆ, ಕಾಫಿ ತೋಟಕ್ಕೋ ಇಟ್ಟಿಗೆ ಗೂಡಿಗೋ ಗುಳೆ ಹೋಗುವವಳು ಇರುವುದಿಲ್ಲ. ಪರಸ್ಪರ ನಂಬಿಕೆಯ ಗುಂಪು ಎಂದ ಮೇಲೆ ಯಾರೂ ನಂಬದವರಿಗೆ ಅಲ್ಲಿ ಜಾಗ ಎಲ್ಲಿ? ಬ್ರ್ಯಾಕ್ ಬಾಂಗ್ಲಾದೇಶದಲ್ಲಿ ಕಂಡದ್ದೂ ಇದನ್ನೇ. ಇಂಥವಳಿಗೆ ಸಾಲ ಸಿಗುವುದೇ ಇಲ್ಲ ಎಂದಲ್ಲ, ಸಿಗುತ್ತದೆ, ದುಬಾರಿ ಬಡ್ಡಿಗೆ. ಒಂದರ ಕಂತು ಕಟ್ಟಲು ಇನ್ನೊಂದು ಸಾಲ. 2025ರ ಆರಂಭದಲ್ಲಿ ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ತಾಳಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲೇ ಬಂದವು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಇದರ ತಡೆಗೆ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ವಸೂಲಿಗಾರನ ಬಾಯಿಗೆ ಬೀಗ ಹಾಕುವುದು ಅಗತ್ಯವೇ. ಆದರೆ ಸಾಲ ಕೊಡಲೇಬಾರದಾಗಿದ್ದ ಮನೆಗೆ ಮೊದಲು ಏನು ಕೊಡಬೇಕಿತ್ತು ಎಂಬ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಒಂದು ರೀತಿಯಲ್ಲಿ ನಮ್ಮಲ್ಲಿ ಅರ್ಧ ಕೆಲಸ ಆಗಿದೆ. ಅನ್ನಭಾಗ್ಯದ ಅಕ್ಕಿ ಇದೆ. 2023ರಿಂದ ಮನೆಯೊಡತಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಇದೆ. ಮುರ್ಷಿದಾಬಾದಿನ ವಾರದ ತೊಂಬತ್ತು ರೂಪಾಯಿ ಮಾಡಿದ ಕೆಲಸವನ್ನು, ಅಂದರೆ ಹಸು ಕರೆಯುವ ತನಕ ಒಲೆ ಆರದಂತೆ ನೋಡಿಕೊಳ್ಳುವ ಕೆಲಸವನ್ನು, ಇವು ಮಾಡಬಲ್ಲವು. ಇಲ್ಲದಿರುವುದು ಹಸು, ಮತ್ತು ವಾರಕ್ಕೊಮ್ಮೆ ಬಾಗಿಲಿಗೆ ಬರುವ ಆ ಮನುಷ್ಯ. ಎರಡನೆಯದು ಸಿಗುವುದು ಹೆಚ್ಚು ಕಷ್ಟ. ಬಿಹಾರ ಸರ್ಕಾರ ಅದಕ್ಕೂ ಕೈಹಾಕಿದೆ. 2016ರ ಪಾನನಿಷೇಧದಿಂದ ಸೇಂದಿ, ಸಾರಾಯಿ ಮಾರಾಟದ ಕಸುಬು ಕಳೆದುಕೊಂಡ ಕುಟುಂಬಗಳನ್ನೂ ಸೇರಿಸಿ 2018ರಲ್ಲಿ ಆರಂಭಿಸಿದ ಸತತ ಜೀವಿಕೋಪಾರ್ಜನ ಯೋಜನೆ ಇದೇ ಮಾದರಿಯದು. ಬಂಧನ್-ಕೊನ್ನಗರ್ ಅದಕ್ಕೆ ಮಾರ್ಗದರ್ಶಿ. ಮನೆ ಮನೆಗೆ ಹೋಗಲು ಅಲ್ಲಿ ಗುಂಪುಗಳ ನಡುವಿನಿಂದಲೇ ಜನರನ್ನು ತಯಾರು ಮಾಡಿದರು. ಸಣ್ಣ ಸಂಸ್ಥೆಯೊಂದು ಕಾಳಜಿಯಿಂದ ಮಾಡಿದ್ದನ್ನು ಸರ್ಕಾರ ಲಕ್ಷಗಟ್ಟಲೆ ಮನೆಗಳಲ್ಲಿ ಮಾಡಹೊರಟಾಗ ವಾರದ ಭೇಟಿ ಹಾಜರಿ ಪುಸ್ತಕದ ಸಹಿಯಾಗಿ ಒಣಗಿಹೋಗುವ ಅಪಾಯ ಇದ್ದೇ ಇದೆ. ನಾನು ಈ ಮಾದರಿಯ ಅಭಿಮಾನಿಯಾದರೂ ಆ ಭಯ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಆಡುತ್ತೇನೆ ಎಂದ ಮಾತು ಬಾಕಿ ಇದೆ: ದುಡಿಯಬಲ್ಲ ಹೆಂಗಸು ಇರಲೇಬೇಕು ಎಂಬ ಷರತ್ತು. ಸಂಸ್ಥೆಯ ದೃಷ್ಟಿಯಿಂದ ಅದು ಸರಿ. ಹಸು ಸಾಕಲು ಮೈಯಲ್ಲಿ ತ್ರಾಣ ಬೇಕು. ಆದರೆ ನೆಲದ ಮೇಲಿನ ಆ ನಕ್ಷೆಯ ಕಡೆಯ ಗುಡ್ಡೆಯಲ್ಲಿ ಒಂಟಿ ಮುದುಕಿಯರ ಚೀಟಿಗಳೂ ಇರುತ್ತವೆ, ಹಾಸಿಗೆ ಹಿಡಿದವರ ಮನೆಗಳೂ ಇರುತ್ತವೆ. ಅವನ್ನು ಪಕ್ಕಕ್ಕೆ ಇಟ್ಟೇ ಮೇಲಿನ ಒಳ್ಳೆಯ ಅಂಕಿಗಳೆಲ್ಲ ಬಂದಿವೆ. ಅವರಿಗೆ ಹಸು ಕೊಟ್ಟು, ದುಡಿ ಎಂದು ಹೇಳುವಂತಿಲ್ಲ. ಅವರಿಗೆ ಬೇಕಾದದ್ದು ಪಿಂಚಣಿ. ನಮ್ಮ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಅದು 2021ರಿಂದ ತಿಂಗಳಿಗೆ 1,200 ರೂಪಾಯಿ. ಆ ಹಣ ಎರಡು ತಿಂಗಳು ಬಾರದೆ ಹೋದಾಗ ಆಧಾರ್ ಜೋಡಣೆಯ ತಕರಾರು ಏನೆಂದು ಓದಿ ಹೇಳಲು ಯಾರಾದರೂ ಆ ಮುದುಕಿಯ ಬಾಗಿಲಿಗೆ ಹೋಗಬೇಕು. ಬಾಗಿಲಿಗೆ ಹೋಗುವ ಮನುಷ್ಯನನ್ನು ನೇಮಿಸುವುದಾದರೆ, ಹಸು ಇರುವ ಮನೆಯ ಜೊತೆ ಹಸು ಇಲ್ಲದ ಈ ಮನೆಯನ್ನೂ ಆತನ ವಾರದ ಸುತ್ತಿನಲ್ಲಿ ಸೇರಿಸಬಹುದು. ಹಾದಿ ಹೇಗೂ ಒಂದೇ ಕೇರಿಯದು.